ಅಂದಿನ ಓಟಗಾರರು, ಇಂದಿನ ಓಟಗಾರರು

ಹಿಂದಿನವರು ಹೆಚ್ಚೋ ಇಂದಿನವರು ಹೆಚ್ಚೋ ಎಂಬ ವಾದವು ನಮ್ಮ ಜನಕ್ಕೆ ಹೊಸತಲ್ಲ. ಯಕ್ಷಗಾನದ ವೇಷಧಾರಿಗಳ ವಿಷಯದಲ್ಲಿ, ಕುಸ್ತಿಯ ಪೈಲ್ವಾನರ ವಿಷಯದಲ್ಲಿ, ಕೊನೆಗೆ ಹೋಟೆಲಿನಲ್ಲಿ ಸಾಂಬಾರು ಕುದಿಸುವ ಭಟ್ಟರ ವಿಷಯದಲ್ಲಿಯೂ ಈ ವಾದವು ರಾತ್ರಿ ಬಾಗಿಲು ಹಾಕಿದ ಮೇಲೆ ಮಾಟುಂಗದಲ್ಲಿಯೋ ಫೋರ್ಟಿನಲ್ಲಿಯೋ ನಡೆಯುತ್ತಲೇ ಇರುತ್ತದೆ. ಅಲ್ಲಿ ತೀರ್ಪು ಕೊಡಬಲ್ಲವರು ಯಾರೂ ಇಲ್ಲ. ಅಂದಿನ ವೇಷವನ್ನು ಇಂದು ಕುಣಿಸಿ ನೋಡುವಂತಿಲ್ಲ. ಅಂದಿನ ಸಾಂಬಾರನ್ನು ಇಂದು ಉಂಡು ನೋಡುವಂತಿಲ್ಲ. ಓಟದ ವಿಷಯ ಮಾತ್ರ ಹಾಗಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ದೂರವನ್ನು ಅಳೆದಿದ್ದಾರೆ, ಕಾಲವನ್ನು ಬರೆದಿಟ್ಟಿದ್ದಾರೆ, ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕಳೆದರೆ ಲೆಕ್ಕ ಮುಗಿಯಿತು ಎಂದು ಗುಮಾಸ್ತೆಯಾದವನು ಹೇಳಬಹುದು. ಈ ಲೆಕ್ಕವು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನೇ ನಾವು ಇಲ್ಲಿ ವಿಚಾರ ಮಾಡಬೇಕಾಗಿದೆ.

ಮೊದಲು ಅಂಕಿಗಳನ್ನೇ ನೋಡೋಣ. 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಜೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ 10,000 ಮೀಟರ್ ಓಟವನ್ನು 29 ನಿಮಿಷ 17 ಸೆಕೆಂಡುಗಳಲ್ಲಿ ಮುಗಿಸಿ ಸ್ವರ್ಣಪದಕವನ್ನು ಪಡೆದರು. 2020ರಲ್ಲಿ ಸ್ಪೇನ್ ದೇಶದ ವೆಲೆನ್ಸಿಯದಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೆ ಅದೇ ದೂರವನ್ನು 26 ನಿಮಿಷ 11 ಸೆಕೆಂಡುಗಳಲ್ಲಿ ಓಡಿದರು. ಇವರಿಬ್ಬರನ್ನೂ ಒಂದೇ ಕ್ರೀಡಾಂಗಣದಲ್ಲಿ ಒಂದೇ ಗಳಿಗೆಗೆ ಬಿಟ್ಟಿದ್ದರೆ, ಚೆಪ್ಟೆಗೆ ಗುರಿಯನ್ನು ಮುಟ್ಟುವ ಹೊತ್ತಿಗೆ ಝಾಟೊಪೆಕ್ ಇನ್ನೂ ಒಂದು ಸಾವಿರ ಮೀಟರಿಗೂ ಹೆಚ್ಚು ಹಿಂದಿರುತ್ತಿದ್ದರು; ಅಂದರೆ ಎರಡೂವರೆ ಸುತ್ತಿಗಿಂತಲೂ ಹೆಚ್ಚು. ಮ್ಯಾರಥಾನಿನ ಕಥೆಯೂ ಅದೇ. ಹೆಲ್ಸಿಂಕಿಯಲ್ಲಿ ಝಾಟೊಪೆಕ್ ಅದನ್ನು ಗೆದ್ದದ್ದು 2 ಗಂಟೆ 23 ನಿಮಿಷ 3 ಸೆಕೆಂಡುಗಳಲ್ಲಿ. ಕೆನ್ಯದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರದಲ್ಲಿ ಚಿಕಾಗೊ ನಗರದಲ್ಲಿ 2 ಗಂಟೆ 35 ಸೆಕೆಂಡುಗಳಲ್ಲಿ ಓಡಿದರು. ಈ ಕಿಪ್ಟಮ್ ತನ್ನ ಜೀವಮಾನದಲ್ಲಿ ಓಡಿದ್ದು ಮೂರೇ ಮ್ಯಾರಥಾನು. ನಾಲ್ಕನೆಯದನ್ನು ಓಡುವ ಮೊದಲೇ 2024ರ ಫೆಬ್ರವರಿಯಲ್ಲಿ, 24ನೆಯ ವಯಸ್ಸಿನಲ್ಲಿ, ತನ್ನ ಊರ ಕಡೆಯ ರಸ್ತೆಯಲ್ಲಿ ಮೋಟಾರು ಅಪಘಾತಕ್ಕೆ ತುತ್ತಾದರು.

ಇಷ್ಟನ್ನು ಓದಿದ ತರುಣ ವಾಚಕನು, ಹಾಗಾದರೆ ಹಿಂದಿನವರ ಹೊಗಳಿಕೆಯೆಲ್ಲ ಮುದುಕರ ಹರಟೆಯೆಂದು ನಗಬಹುದು. ನಗುವ ಮೊದಲು ಆತನು ಅವರ ಕಾಲಿನ ಕೆಳಗೆ ಏನಿತ್ತೆಂಬುದನ್ನು ನೋಡಬೇಕು.

ಝಾಟೊಪೆಕ್ ಓಡಿದ್ದು, 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಮುಗಿಸಿ ರೋಜರ್ ಬ್ಯಾನಿಸ್ಟರ್ ಜಗತ್ತನ್ನು ಬೆರಗುಗೊಳಿಸಿದ್ದು, ಎಲ್ಲವೂ ಸುಟ್ಟ ಕಲ್ಲಿದ್ದಲಿನ ಕಿಟ್ಟವನ್ನು ಪುಡಿ ಮಾಡಿ ಹರಡಿದ ನೆಲದ ಮೇಲೆ. ನಮ್ಮ ಹೋಟೆಲುಗಳಲ್ಲಿ ಗ್ಯಾಸು ಬರುವ ಮೊದಲು ಕಲ್ಲಿದ್ದಲ ಭಟ್ಟಿಯ ಮುಂದೆ ಬೆವರು ಸುರಿಸಿದ ಹಿರಿಯರಿಗೆ ಆ ಕಿಟ್ಟವನ್ನು ನಾವು ವರ್ಣಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ಅದನ್ನು ಕೆದಕಿ ಬುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲಿದವರು ಅವರೇ. ಒಣಗಿದ್ದರೆ ಅದು ಕಾಲಿನ ಕೆಳಗೆ ಜರುಗುತ್ತದೆ. ಮಳೆ ಬಂದರೆ ಕೆಸರಾಗಿ ಮೊಳೆಬೂಟನ್ನು ಹಿಡಿದುಕೊಳ್ಳುತ್ತದೆ. ಮೊದಲ ಓಟದವರು ಒಳಸುತ್ತನ್ನು ತುಳಿದು ಹಾಳುಮಾಡಿದ ಮೇಲೆ ಎರಡನೆಯ ಓಟದವರು ಗುಂಡಿಯಲ್ಲಿ ಓಡಬೇಕಾಗುತ್ತದೆ. ಇಟ್ಟ ಪ್ರತಿಯೊಂದು ಹೆಜ್ಜೆಯ ಬಲದಲ್ಲಿ ಒಂದಿಷ್ಟನ್ನು ನೆಲವೇ ನುಂಗಿ ಹಾಕುತ್ತಿದ್ದಿತು. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ರಬ್ಬರಿನಂತಹ ಕೃತಕ ಹಾಸು ಬಂದಿತು. ಅಂದಿನಿಂದ ನೆಲವು ಓಟಗಾರನ ಬಲವನ್ನು ನುಂಗುವುದನ್ನು ಬಿಟ್ಟು ಅವನಿಗೇ ತಿರುಗಿ ಕೊಡತೊಡಗಿತು.

ಕಾಲಿನ ಕೆಳಗಿನ ನೆಲ ಹೋಗಲಿ, ಕಾಲಿಗೆ ತೊಟ್ಟ ಬೂಟಿನ ಮಾತೇನು? 2017ರ ಸುಮಾರಿಗೆ ಬಂದ ಹೊಸ ಬಗೆಯ ಬೂಟುಗಳ ಅಟ್ಟೆಯಲ್ಲಿ ಹಗುರವಾದ, ಪುಟಿಯುವ ನೊರೆಪದಾರ್ಥವೂ ಅದರ ನಡುವೆ ಬಾಗಿದ ಕಾರ್ಬನ್ ತಗಡೂ ಇರುತ್ತವೆ. ಒಂದೇ ವೇಗದಲ್ಲಿ ಓಡುವಾಗ ಅದರಿಂದ ಶಕ್ತಿಯಲ್ಲಿ ನೂರಕ್ಕೆ ನಾಲ್ಕರಷ್ಟು ಉಳಿತಾಯವಾಗುವುದೆಂದು ಪ್ರಯೋಗಶಾಲೆಯಲ್ಲಿ ಅಳೆದು ಕಂಡಿದ್ದಾರೆ. ಈ ಬೂಟುಗಳ ದಪ್ಪಕ್ಕೆ ಕೊನೆಯಿಲ್ಲವೆಂದು ಕಂಡಾಗ ಜಾಗತಿಕ ಅಥ್ಲೆಟಿಕ್ ಸಂಸ್ಥೆಯು 2020ರಲ್ಲಿ, ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರನ್ನು ಮೀರಕೂಡದು, ತಗಡು ಒಂದಕ್ಕಿಂತ ಹೆಚ್ಚು ಇರಕೂಡದು ಎಂದು ಕಟ್ಟಳೆ ಮಾಡಬೇಕಾಯಿತು. ವೆಲೆನ್ಸಿಯದಲ್ಲಿ ಚೆಪ್ಟೆಗೆಯವರಿಗಾದರೋ ಓಟದ ಪಥದ ಒಳ ಅಂಚಿನಲ್ಲಿ ಸಾಲುದೀಪಗಳೇ ಮುಂದೆ ಮುಂದೆ ಓಡುತ್ತ ದಾಖಲೆಯ ವೇಗವೆಷ್ಟೆಂದು ತೋರಿಸುತ್ತಿದ್ದುವು. 2019ರಲ್ಲಿ ವಿಯೆನ್ನಾ ನಗರದಲ್ಲಿ ಕೆನ್ಯದ ಎಲಿಯುಡ್ ಕಿಪ್ಚೊಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಸಿದಾಗ, ಸರದಿಯ ಮೇಲೆ ಬಂದು ಗಾಳಿಯನ್ನು ಮರೆಮಾಡಿ ಓಡಿದ ಸಹಾಯಕರ ಸಂಖ್ಯೆ 41. ಅದನ್ನು ಅಧಿಕೃತ ದಾಖಲೆಯೆಂದು ಯಾರೂ ಎಣಿಸಲಿಲ್ಲ; ಕಿಪ್ಚೊಗೆಯವರೂ ಅದನ್ನು ಬಲ್ಲರು.

ಇದರಿಂದ ಇಂದಿನವರದು ಬರಿಯ ಬೂಟಿನ ಮಹಿಮೆ ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ಬ್ಯಾನಿಸ್ಟರ್ ಅವರಿಗೂ ಮುಂದೆ ಓಡಿ ವೇಗವನ್ನು ಕಾಯ್ದುಕೊಡಲು ಬ್ರೇಷರ್ ಮತ್ತು ಚಾಟವೇ ಎಂಬ ಇಬ್ಬರು ಮಿತ್ರರಿದ್ದರು. 1920ರ ದಶಕದಲ್ಲಿ ಫಿನ್ಲೆಂಡಿನ ಪಾವೊ ನೂರ್ಮಿ ಕೈಯಲ್ಲಿ ಸ್ಟಾಪ್‌ವಾಚನ್ನು ಹಿಡಿದು ಓಡುತ್ತಿದ್ದರು. ಇಂದಿನ ಸಾಲುದೀಪ ಆ ಸ್ಟಾಪ್‌ವಾಚಿನ ಮರಿಮಗನೇ ಸರಿ. ಔಷಧಿಯ ಮೋಸವೂ ಇಂದೇ ಹುಟ್ಟಿದ್ದಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಗೆದ್ದ ಥಾಮಸ್ ಹಿಕ್ಸ್ ಅವರಿಗೆ ದಾರಿಯಲ್ಲಿ ಸ್ಟ್ರಿಕ್ನೀನ್ ಎಂಬ ವಿಷವನ್ನೂ ಬ್ರಾಂಡಿಯನ್ನೂ ಕುಡಿಸಿ ಓಡಿಸಿದ್ದರು. ಆಗ ಅದನ್ನು ತಡೆಯುವ ನಿಯಮವೇ ಇರಲಿಲ್ಲ. ಈಗ ನಿಯಮವಿದೆ, ತಪಾಸಣೆಯಿದೆ, ಆದರೂ ಪ್ರತಿ ವರ್ಷವೂ ಯಾರೋ ಒಬ್ಬರು ಸಿಕ್ಕಿಬೀಳುತ್ತಾರೆ.

ನೆಲ, ಬೂಟು, ದೀಪಗಳಿಗಿಂತಲೂ ಮುಖ್ಯವಾದ ಒಂದು ಅಂತರವಿದೆ. ಅದು ಹೊಟ್ಟೆಪಾಡಿನದು, ಆದುದರಿಂದ ನಮ್ಮ ವಾಚಕರಿಗೆ ಅದು ಬೇಗ ತಿಳಿಯುತ್ತದೆ.

ಹಿಂದಿನ ದೊಡ್ಡ ಓಟಗಾರರ ಪಟ್ಟಿಯನ್ನು ತೆಗೆದರೆ ಅದು ಕೂಲಿಕಾರರ ಹಾಜರಿ ಪುಸ್ತಕದಂತೆ ಕಾಣುತ್ತದೆ. 1896ರಲ್ಲಿ ಅಥೆನ್ಸಿನ ಮೊದಲನೆಯ ಮ್ಯಾರಥಾನನ್ನು ಗೆದ್ದ ಸ್ಪಿರಿಡನ್ ಲೂಯಿಸ್ ನೀರು ಹೊರುವವರು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಸ್ವರ್ಣಪದಕಗಳನ್ನು ಗಳಿಸಿದ ಹಾನೆಸ್ ಕೊಲೆಮೈನೆನ್ ಗೋಡೆ ಕಟ್ಟುವ ಗಾರೆಯವರು. ನೂರ್ಮಿಯವರು ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗ. 1960ರಲ್ಲಿ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡುಗಳ ಜಾಗತಿಕ ದಾಖಲೆಯನ್ನು ಮಾಡಿದ ಅಬೆಬೆ ಬಿಕಿಲ ಇಥಿಯೋಪಿಯದ ಚಕ್ರವರ್ತಿಯ ಕಾವಲು ಪಡೆಯ ಸಿಪಾಯಿ. ಆತನೇ 1964ರಲ್ಲಿ ಟೋಕಿಯೊದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆರು ವಾರಗಳಾಗುವಷ್ಟರಲ್ಲಿ, ಇನ್ನೊಮ್ಮೆ ಗೆದ್ದು ಮೈದಾನದ ನಡುವೆ ಅಂಗಸಾಧನೆ ಮಾಡುತ್ತ ನಿಂತರೆ ನೋಡಿದವರಿಗೆ ಮಾತು ಹೊರಡಲಿಲ್ಲ.

ಝಾಟೊಪೆಕ್ ಅವರ ಕಥೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಬಡಗಿಯ ಮಗನಾದ ಆತ ಝ್ಲಿನ್ ಪಟ್ಟಣದ ಬಾಟಾ ಬೂಟಿನ ಕಾರಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ. 1941ರಲ್ಲಿ ಕಾರಖಾನೆಯವರು ಏರ್ಪಡಿಸಿದ ಓಟಕ್ಕೆ ಮೇಲ್ವಿಚಾರಕನು ಹೆಸರು ಸೇರಿಸಿದಾಗ, ತನಗೆ ಮೈಯಲ್ಲಿ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದರು. ವೈದ್ಯರು ಪರೀಕ್ಷಿಸಿ ಎಲ್ಲ ಸರಿಯಾಗಿದೆಯೆಂದು ಕಳುಹಿಸಿದರು. ಒಲ್ಲದ ಮನಸ್ಸಿನಿಂದ ಓಡಿ ಎರಡನೆಯವರಾಗಿ ಬಂದರು. ಅಲ್ಲಿಂದ ಓಟದ ಹುಚ್ಚು ಹಿಡಿಯಿತು. ಮುಂದೆ ಸೈನ್ಯವನ್ನು ಸೇರಿದ ಮೇಲೆ ಹಿಮದಲ್ಲಿ, ಕತ್ತಲೆಯಲ್ಲಿ, ಭಾರದ ಸೈನಿಕ ಬೂಟುಗಳನ್ನು ತೊಟ್ಟು ಅಭ್ಯಾಸ ಮಾಡುತ್ತಿದ್ದರು. 400 ಮೀಟರಿನ ಒಂದು ಸುತ್ತನ್ನು ರಭಸದಿಂದ ಓಡಿ, ಸ್ವಲ್ಪ ನಿಧಾನಿಸಿ, ಮತ್ತೆ ರಭಸದಿಂದ ಓಡಿ, ಹೀಗೆ ಒಂದೇ ದಿನದಲ್ಲಿ 40 ಸಲ! ಓಡುವಾಗ ಕತ್ತು ವಾಲಿಸಿ, ನಾಲಗೆ ಚಾಚಿ, ಮುಖವನ್ನು ಕಿವುಚಿಕೊಂಡು, ಇನ್ನೇನು ಬಿದ್ದರು ಎನ್ನುವಂತೆ ಕಾಣುತ್ತಿದ್ದರು. ಬೀಳುತ್ತಿದ್ದವರು ಮಾತ್ರ ಹಿಂದಿನವರು.

ಹೆಲ್ಸಿಂಕಿಯಲ್ಲಿ 10,000 ಮೀಟರ್ ಗೆದ್ದರು. 5,000 ಮೀಟರ್ ಗೆದ್ದರು. ಅದೇ ದಿನ ಅವರ ಪತ್ನಿ ಡಾನಾ ಭರ್ಜಿ ಎಸೆತದಲ್ಲಿ ಸ್ವರ್ಣಪದಕ ಗೆದ್ದರು. ಅಷ್ಟಕ್ಕೆ ತೃಪ್ತರಾಗದೆ, ಎಂದೂ ಓಡಿರದ ಮ್ಯಾರಥಾನಿಗೆ ಹೆಸರು ಕೊಟ್ಟರು. ಆ ಓಟದ ಅತ್ಯುತ್ತಮ ಕಾಲವನ್ನು ಮಾಡಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್ ಅವರ ಪಕ್ಕದಲ್ಲಿ ಓಡುತ್ತ, ಈ ವೇಗ ಸರಿಯೇ ಎಂದು ಝಾಟೊಪೆಕ್ ಕೇಳಿದರೆಂದೂ, ಸಾಲದು, ನಿಧಾನವಾಯಿತೆಂದು ಪೀಟರ್ಸ್ ಕೆಣಕಿದರೆಂದೂ, ಅದನ್ನು ನಿಜವೆಂದೇ ನಂಬಿ ಈತ ಮುಂದೆ ಹೊರಟುಹೋದರೆಂದೂ ಹೇಳುವ ಕಥೆಯು ಪ್ರಸಿದ್ಧವಾಗಿದೆ. ಪೀಟರ್ಸ್ ಓಟವನ್ನು ಮುಗಿಸಲೇ ಇಲ್ಲ. ಒಂದೇ ಕೂಟದಲ್ಲಿ ಈ ಮೂರನ್ನೂ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ, ಅನಂತರವೂ ಬಂದಿಲ್ಲ. ಇಂದು 10,000 ಮೀಟರ್ ಓಡುವವರಲ್ಲಿ ಹೆಚ್ಚಿನವರು ಅದೇ ವಾರದಲ್ಲಿ ಮ್ಯಾರಥಾನನ್ನು ಓಡುವ ಮಾತನ್ನೇ ಆಡುವುದಿಲ್ಲ. ಅವರ ಒಂದೊಂದು ಓಟಕ್ಕೂ ತರಬೇತುದಾರ, ವೈದ್ಯ, ಅಂಗಮರ್ದನ ಮಾಡುವವ, ಬೂಟಿನ ಕಂಪನಿ, ಬಹುಮಾನದ ಹಣ ಇಷ್ಟೂ ತಿಂಗಳ ಮೊದಲೇ ಗೊತ್ತಾಗಿರುತ್ತವೆ.

ಹಣದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರ್ಮಿ 1,500 ಮೀಟರನ್ನೂ 5,000 ಮೀಟರನ್ನೂ ಒಂದೇ ದಿನ, ನಡುವೆ ಒಂದು ಗಂಟೆಯೂ ಬಿಡುವಿಲ್ಲದೆ, ಗೆದ್ದವರು. ಅಂಥವರನ್ನು 1932ರಲ್ಲಿ, ಓಟಕ್ಕೆ ಹಣ ತೆಗೆದುಕೊಂಡರೆಂಬ ಆರೋಪದ ಮೇಲೆ, ಲಾಸ್ ಏಂಜಲೀಸ್ ಒಲಿಂಪಿಕ್ಸಿನಿಂದ ಹೊರಗಿಟ್ಟರು. ದುಡಿದು ತಿನ್ನಬೇಕಾದವನು ಓಡಿ ತಿನ್ನಕೂಡದೆಂಬ ಆ ನಿಯಮವನ್ನು ಮಾಡಿದವರು ದುಡಿಯದೆಯೇ ತಿನ್ನಬಲ್ಲವರೆಂದು ನಾವು ಹೇಳಿದರೆ ತಪ್ಪಾಗಲಾರದು. ಇಂದಿನವರು ಓಟದಿಂದಲೇ ಮನೆ ಕಟ್ಟುತ್ತಾರೆ, ಹೊಲ ಕೊಳ್ಳುತ್ತಾರೆ. ಇದನ್ನು ಕಂಡು ಹೊಟ್ಟೆಯುರಿಯುವ ಕಾರಣ ನಮಗಿಲ್ಲ. ನೂರ್ಮಿಯವರಿಗೆ ಸಲ್ಲಬೇಕಾಗಿದ್ದುದು ಮೊಮ್ಮಕ್ಕಳ ಕಾಲಕ್ಕೆ ಸಂದಿತು, ಅಷ್ಟೆ.

ಹಾಗಾದರೆ ಇವರನ್ನು ತೂಗುವ ತಕ್ಕಡಿ ಯಾವುದು? ಝಾಟೊಪೆಕ್ ಅವರೇ ಒಂದು ತೀರ್ಪನ್ನು ಕೊಟ್ಟುಹೋಗಿದ್ದಾರೆ. ಅವರ ತಲೆಮಾರಿನ ನಂತರ ಬಂದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 1965ರಲ್ಲಿ 10,000 ಮೀಟರನ್ನು 27 ನಿಮಿಷ 39.4 ಸೆಕೆಂಡುಗಳಲ್ಲಿ ಓಡಿದರು. ಝಾಟೊಪೆಕ್ ಅವರ ಅತ್ಯುತ್ತಮ ಕಾಲಕ್ಕಿಂತ ಅದು 75 ಸೆಕೆಂಡು ಕಡಿಮೆ. ಆದರೂ ಕ್ಲಾರ್ಕ್ ಅವರಿಗೆ ಒಲಿಂಪಿಕ್ ಸ್ವರ್ಣಪದಕ ಎಂದೂ ದೊರೆಯಲಿಲ್ಲ. ಬಂದದ್ದು 1964ರ ಒಂದು ಕಂಚು ಮಾತ್ರ. 1966ರಲ್ಲಿ ಪ್ರಾಗ್ ನಗರಕ್ಕೆ ಬಂದಿದ್ದ ಕ್ಲಾರ್ಕ್ ಊರಿಗೆ ಹೊರಟಾಗ ಝಾಟೊಪೆಕ್ ವಿಮಾನನಿಲ್ದಾಣದಲ್ಲಿ ಒಂದು ಸಣ್ಣ ಪೊಟ್ಟಣವನ್ನು ಕೈಯಲ್ಲಿಟ್ಟರು. ವಿಮಾನ ಏರಿದ ಮೇಲೆ ಬಿಚ್ಚಿ ನೋಡಿದರೆ ಅದರಲ್ಲಿ ಹೆಲ್ಸಿಂಕಿಯ 10,000 ಮೀಟರ್ ಓಟದ ಸ್ವರ್ಣಪದಕ! ಇದಾಗಿ ಎರಡೇ ವರ್ಷಗಳಲ್ಲಿ, 1968ರಲ್ಲಿ ರಷ್ಯದ ಸೈನ್ಯ ತಮ್ಮ ದೇಶವನ್ನು ಹೊಕ್ಕದ್ದನ್ನು ವಿರೋಧಿಸಿದ ಕಾರಣಕ್ಕೆ ಝಾಟೊಪೆಕ್ ಅವರನ್ನು ಸೈನ್ಯದಿಂದ ತೆಗೆದುಹಾಕಿದರು. ಎಷ್ಟೋ ವರ್ಷ ಊರೂರು ಅಲೆದು ಭೂಮಿ ಕೊರೆಯುವ ಕೂಲಿ ಕೆಲಸ ಮಾಡಿದರು. 2000ದಲ್ಲಿ ತೀರಿಕೊಂಡರು.

ಹೆಂಗಸರ ವಿಷಯದಲ್ಲಿ ಈ ಹೋಲಿಕೆಯೇ ನಡೆಯುವುದಿಲ್ಲ. ಹೋಲಿಸುವುದಕ್ಕೆ ಹಿಂದಿನ ತಲೆಮಾರನ್ನು ಓಡಗೊಟ್ಟಿರಲೇ ಇಲ್ಲ. 1928ರಲ್ಲಿ 800 ಮೀಟರ್ ಓಟವನ್ನು ಒಮ್ಮೆ ಇಟ್ಟು, ಹೆಂಗಸರ ದೇಹಕ್ಕೆ ಇದು ಸಲ್ಲದೆಂದು ತೆಗೆದುಹಾಕಿ, 1960ರವರೆಗೂ ಒಲಿಂಪಿಕ್ಸಿಗೆ ತರಲಿಲ್ಲ. ಮ್ಯಾರಥಾನು ಅವರಿಗೆ ದೊರೆತದ್ದು 1984ರಲ್ಲಿ. ಆ ಮೊದಲ ಓಟದಲ್ಲಿಯೇ ಅಮೆರಿಕದ ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದರು. ಹೆಲ್ಸಿಂಕಿಯ ಝಾಟೊಪೆಕ್ ಅವರಿಗಿಂತ ಎರಡು ನಿಮಿಷವೂ ಹಿಂದಿಲ್ಲ. 2019ರಲ್ಲಿ ಕೆನ್ಯದ ಬ್ರಿಜಿಡ್ ಕೊಸ್ಗೆ ಚಿಕಾಗೊದಲ್ಲಿ 2 ಗಂಟೆ 14 ನಿಮಿಷ 4 ಸೆಕೆಂಡುಗಳಲ್ಲಿ ಓಡಿದಾಗ ರೋಮಿನ ಬಿಕಿಲರ ಕಾಲವೂ ಹಿಂದೆ ಬಿದ್ದಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ನಮ್ಮ ವಾಚಕರು ಹೆಮ್ಮೆಯಿಂದ ನೆನೆಯಬೇಕಾದ ಒಂದು ಹೆಸರಿದೆ. ಆದರೆ ಎಷ್ಟು ಮಂದಿ ಅದನ್ನು ಕೇಳಿದ್ದಾರೋ ನಾವು ಹೇಳಲಾರೆವು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಬಂದಿದ್ದ ಸರ್ ದೊರಾಬ್ಜಿ ಟಾಟಾ ಅವರು, ರೈತರ ಮಕ್ಕಳು ಬರಿಗಾಲಿನಲ್ಲಿ ದೂರದ ಓಟವನ್ನು ಓಡುವುದನ್ನು ಕಂಡು, ಇವರ ಕಾಲವು ಯುರೋಪಿನವರ ಕಾಲಕ್ಕೆ ಅಷ್ಟೇನೂ ಕಡಿಮೆಯಿಲ್ಲವಲ್ಲಾ ಎಂದು ಬೆರಗಾದರು. ಮರುವರ್ಷದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ತಂಡವೊಂದು ಹೋದುದಕ್ಕೆ ಆ ಬೆರಗೇ ಮೂಲ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರಿದ್ದರು. 1920ರ ಆ ಮ್ಯಾರಥಾನಿನಲ್ಲಿ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಬಂದರು. ಗೆದ್ದವರು ನಾವು ಮೇಲೆ ಹೇಳಿದ ಗಾರೆಯ ಕೊಲೆಮೈನೆನ್.

ಈ ಅಂಕಿಯನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಆಂಟ್‌ವರ್ಪಿನ ದಾರಿ ಇಂದಿನ 42,195 ಮೀಟರ್ ಅಲ್ಲ, 42,750 ಮೀಟರ್. ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಭಾಗಿಸಿ ನೋಡಿದರೆ ಚೌಗುಲೆಯವರು ಪ್ರತಿಯೊಂದು ಕಿಲೋಮೀಟರನ್ನೂ ನಾಲ್ಕು ನಿಮಿಷದೊಳಗೆ ಓಡಿದಂತಾಯಿತು. ಇಂದಿನ ದೂರಕ್ಕೆ ಹೊಂದಿಸಿದರೆ ಅವರ ಕಾಲ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡು. ಮುಂಬಯಿಯಲ್ಲಿ 2004ರಿಂದೀಚೆಗೆ ನಡೆಯುತ್ತ ಬಂದಿರುವ ಮ್ಯಾರಥಾನಿನಲ್ಲಿ ಜನವರಿಯ ಬೆಳಗಿನ ಜಾವ ಬಣ್ಣಬಣ್ಣದ ಬೂಟು ತೊಟ್ಟು ಓಡುವ ಸಾವಿರಾರು ಹವ್ಯಾಸಿಗಳಲ್ಲಿ ಈ ಕಾಲವನ್ನು ಮುಟ್ಟುವವರು ವಿರಳ. ಹೋಟೆಲಿನ ಬಾಗಿಲು ತೆರೆಯುವ ಹೊತ್ತಿಗೆ ಆ ಗುಂಪನ್ನು ನೋಡಿದ ನಮ್ಮವರು ಒಂದು ವಿಚಿತ್ರವನ್ನು ಗಮನಿಸಿರಬಹುದು: ಹಿಂದೆ ಕೂಲಿಯವನು ಓಡುತ್ತಿದ್ದನು, ಸಾಹೇಬನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದನು, ಈಗ ಸಾಹೇಬನು ಹಣ ಕೊಟ್ಟು ಓಡುತ್ತಾನೆ, ಕೂಲಿಯವನು ಬದಿಯಲ್ಲಿ ನಿಂತು ನೀರು ಕೊಡುತ್ತಾನೆ.

ಮೊದಲನೆಯವನ ಕಾಲಕ್ಕೂ ನಮ್ಮವನ ಕಾಲಕ್ಕೂ ಇರುವ ಅಂತರವೇ ಸರಿಯಾದ ತಕ್ಕಡಿಯೆಂಬುದು ನಮ್ಮ ಅಭಿಪ್ರಾಯ. ನೆಲ, ಬೂಟುಗಳ ವ್ಯತ್ಯಾಸವೆಲ್ಲ ಅದರಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಈ ತಕ್ಕಡಿಯಲ್ಲಿ ತೂಗಿದರೆ ಚೌಗುಲೆಯವರು 1920ರಲ್ಲಿ 18 ನಿಮಿಷ ಹಿಂದೆ. 1952ರ ಹೆಲ್ಸಿಂಕಿಯಲ್ಲಿ ದಿಲ್ಲಿಯ ಸೂರತ್ ಸಿಂಗ್ ಮಾಥುರ್ 52ನೆಯವರಾಗಿ ಬಂದರು. ಝಾಟೊಪೆಕ್ ಅವರಿಗಿಂತ 35 ನಿಮಿಷ ಹಿಂದೆ. ಬಿಹಾರದ ಸಿಪಾಯಿ ಶಿವನಾಥ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 11ನೆಯವರಾಗಿ ಬಂದು, 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನನ್ನು ಮುಗಿಸಿದರು. ಆಗ ಜಗತ್ತಿನ ಅತ್ಯುತ್ತಮ ಕಾಲ 2 ಗಂಟೆ 8 ನಿಮಿಷ 34 ಸೆಕೆಂಡು. ಅಂತರ ಕೇವಲ ಮೂರೂವರೆ ನಿಮಿಷ! ಬರಿಗಾಲಿನಲ್ಲಿ ಓಡಿ ಬೆಳೆದ ಮನುಷ್ಯ. ಕಾರ್ಬನ್ ತಗಡೆಂದರೇನೆಂದು ಕೇಳಿಯೂ ಅರಿಯರು. 2003ರಲ್ಲಿ ಅವರು ತೀರಿಕೊಂಡಾಗಲೂ ಆ ದಾಖಲೆ ಹಾಗೆಯೇ ಇದ್ದಿತು. 2023 ಮುಗಿದಾಗಲೂ, ಅಂದರೆ 45 ವರ್ಷಗಳಾದರೂ, ಯಾವ ಭಾರತೀಯನೂ ಅದನ್ನು ಮುರಿದಿರಲಿಲ್ಲ. 2019ರಲ್ಲಿ ಕೇರಳದ ಟಿ. ಗೋಪಿ ಸಿಯೋಲ್ ನಗರದಲ್ಲಿ 2 ಗಂಟೆ 13 ನಿಮಿಷ 39 ಸೆಕೆಂಡುಗಳಲ್ಲಿ ಓಡಿದರು. ಅಷ್ಟರಲ್ಲಿ ಕಿಪ್ಚೊಗೆ ಬರ್ಲಿನ್ನಿನಲ್ಲಿ 2 ಗಂಟೆ 1 ನಿಮಿಷ 39 ಸೆಕೆಂಡನ್ನು ಮಾಡಿಬಿಟ್ಟಿದ್ದರು. ಅಂತರ ಸರಿಯಾಗಿ 12 ನಿಮಿಷ. ಜಗತ್ತು ಮುಂದೆ ಹೋಯಿತು, ನಾವು ನಿಂತಲ್ಲಿ ನಿಂತೆವು.

ಆದರೆ ಈ ತಕ್ಕಡಿಯು ಹಿಂದಿನವರ ಕಡೆಗೇ ಯಾವಾಗಲೂ ವಾಲುತ್ತದೆಂದು ವಾಚಕರು ತಿಳಿಯಬಾರದು. 10,000 ಮೀಟರನ್ನು ತೆಗೆದುಕೊಳ್ಳೋಣ. ಬರಿಗಾಲ ಓಟಕ್ಕೆ ಹೆಸರಾಗಿದ್ದ ಪಂಜಾಬಿನ ಹರಿಚಂದ್ 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ 28 ನಿಮಿಷ 48.72 ಸೆಕೆಂಡುಗಳಲ್ಲಿ ಓಡಿದರು. ಅಂದಿನ ಜಾಗತಿಕ ದಾಖಲೆಗಿಂತ 78 ಸೆಕೆಂಡು ಹಿಂದೆ. ಎರಡು ವರ್ಷಗಳ ಬಳಿಕ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ 5,000 ಮತ್ತು 10,000 ಎರಡನ್ನೂ ಗೆದ್ದರು. ಅವರ ಆ ಕಾಲವನ್ನು ಸುರೇಂದ್ರ ಸಿಂಗ್ 2008ರಲ್ಲಿ ಮುರಿದರು, 28 ನಿಮಿಷ 2.89 ಸೆಕೆಂಡು. ಮೂವತ್ತೆರಡು ವರ್ಷಗಳ ದಾಖಲೆ ಬಿದ್ದಿತೆಂದು ಸಂತೋಷಪಟ್ಟೆವು. ಆದರೆ ಅಷ್ಟು ಹೊತ್ತಿಗೆ ಇಥಿಯೋಪಿಯದ ಕೆನೆನಿಸಾ ಬೆಕೆಲೆ 26 ನಿಮಿಷ 17.53 ಸೆಕೆಂಡನ್ನು ತಲಪಿದ್ದರು. ಅಂತರ 105 ಸೆಕೆಂಡಿಗೇರಿತ್ತು. ಗಡಿಯಾರದ ಪ್ರಕಾರ ಸುರೇಂದ್ರ ಸಿಂಗರು ಮೇಲು. ಈ ತಕ್ಕಡಿಯ ಪ್ರಕಾರ ಹರಿಚಂದರು ಮೇಲು.

ಇವರಿಬ್ಬರನ್ನೂ ಮೀರಿದವರು ಈಗ ಬಂದಿದ್ದಾರೆ. ಉತ್ತರ ಪ್ರದೇಶದ ಅಲಿಗಢ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಸೈನ್ಯ ಸೇರಿದ ಗುಲ್ವೀರ್ ಸಿಂಗ್ 2025ರ ಮಾರ್ಚಿಯಲ್ಲಿ ಅಮೆರಿಕದಲ್ಲಿ 27 ನಿಮಿಷ 0.22 ಸೆಕೆಂಡುಗಳಲ್ಲಿ 10,000 ಮೀಟರ್ ಓಡಿದರು. ಚೆಪ್ಟೆಗೆಯವರ 2020ರ ಕಾಲಕ್ಕೂ ಇದಕ್ಕೂ ಇರುವ ಅಂತರ 49 ಸೆಕೆಂಡು ಮಾತ್ರ. ಅದೇ ವರ್ಷ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ 5,000 ಮತ್ತು 10,000 ಎರಡನ್ನೂ ಗೆದ್ದರು, ಹರಿಚಂದರು ಬ್ಯಾಂಕಾಕಿನಲ್ಲಿ ಗೆದ್ದಂತೆಯೇ. ಬೂಟು ಅವರಿಗೂ ಹೊಸದೇ, ತರಬೇತಿಯೂ ಹೊರದೇಶದ್ದೇ. ಆದರೆ ಚೆಪ್ಟೆಗೆಯವರ ಕಾಲಿನಲ್ಲಿ ಇದ್ದುದೂ ಅಂಥ ಬೂಟೇ ಆದುದರಿಂದ ಈ 49 ಸೆಕೆಂಡಿನ ಲೆಕ್ಕದಲ್ಲಿ ಯಾರಿಗೂ ವಿನಾಯಿತಿ ಕೊಡಬೇಕಾಗಿಲ್ಲ. ರಾತ್ರಿಯ ವಾದದಲ್ಲಿ ಹಿಂದಿನವರ ಪಕ್ಷ ಹಿಡಿಯುವ ಹಿರಿಯರು ಶಿವನಾಥ ಸಿಂಗರ ಹೆಸರನ್ನು ಹೇಳಲಿ, ಬೆಳಗಾವಿಯ ಚೌಗುಲೆಯವರ ಹೆಸರನ್ನಂತೂ ಮರೆಯದೆ ಹೇಳಲಿ. ಕಿರಿಯರು ಗುಲ್ವೀರರ ಹೆಸರನ್ನು ಹೇಳಿದರೆ ಮಾತ್ರ, ಬೂಟಿನ ಮಾತೆತ್ತಿ ಅವರ ಬಾಯಿ ಮುಚ್ಚಿಸುವಂತಿಲ್ಲ.